ಫೋನಿನ ಆ ಕಡೆಯ ಮಾತು

‘ಮೂರನೇ ಮಹಡಿ’ ಧಾರಾವಾಹಿಯನ್ನು ಅಕ್ಕನಷ್ಟು ಬೈದುಕೊಂಡು ನೋಡುವವರು ಇನ್ನೊಬ್ಬರಿರಲಿಲ್ಲ. ಸಾಯಂಕಾಲ ಏಳೂವರೆಗೆ ಕೈ ಒರೆಸಿಕೊಂಡು ಬಂದು ಟಿವಿ ಮುಂದೆ ಕೂತಳೆಂದರೆ ಮೊದಲ ನಿಮಿಷದಿಂದಲೇ ಶುರು.

“ನೋಡೋ, ಇವಳಿಗೆ ಮತ್ತೆ ನೆನಪು ಹೋಯ್ತಂತೆ. ಹೋದ ವರ್ಷ ತಾನೇ ವಾಪಸ್ ಬಂದಿತ್ತು. ನೆನಪು ಅಂದ್ರೆ ಏನು ಬಸ್ಸಾ, ಹೋಗ್ತಾ ಬರ್ತಾ ಇರೋಕೆ?”

ಇಷ್ಟು ಬೈದರೂ ಒಂದು ದಿನವೂ ನೋಡುವುದು ತಪ್ಪಿಸಿದವಳಲ್ಲ. ಯಾಕೆಂದು ಪಕ್ಕದಲ್ಲಿ ಕೂತ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ವಾರಕ್ಕೊಮ್ಮೆ, ಶುಕ್ರವಾರ, ಧಾರಾವಾಹಿಯ ಮನೆಯ ಹಜಾರದ ಮೂಲೆಯಲ್ಲಿದ್ದ ಕೆಂಪು ಫೋನು ಹೊಡೆದುಕೊಳ್ಳುತ್ತಿತ್ತು. ಮಗಳ ಪಾತ್ರದ ಪುಟ್ಟಿ ಓಡಿ ಬಂದು ಎತ್ತಿ “ಅಪ್ಪಾ” ಅನ್ನುತ್ತಿದ್ದಳು. ಆಗ ಅಕ್ಕನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನೋಡುವವರಿಗೆ ಕೇಳಿಸುವುದು ಪುಟ್ಟಿಯ ಮಾತಷ್ಟೇ. “ಹೂಂ ಅಪ್ಪ... ಇಲ್ಲಪ್ಪ, ಅಮ್ಮ ಹೊರಗೆ ಹೋಗಿದ್ದಾಳೆ... ಅಯ್ಯೋ, ಅಷ್ಟೊಂದು ಚಳಿನಾ?” ಆ ಕಡೆಯಿಂದ ಅಪ್ಪ ಏನು ಹೇಳಿದರು ಎಂಬುದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಪುಟ್ಟಿ ಫೋನಿಟ್ಟ ಕೂಡಲೆ ಅಕ್ಕ ಟಿವಿಯ ಸದ್ದು ತಗ್ಗಿಸಿ ತಮ್ಮನ ಕಡೆ ತಿರುಗುತ್ತಿದ್ದಳು.

“ಇವತ್ತು ಏನಂದ್ರು?”

ಆ ಅಪ್ಪನ ಪಾತ್ರ ಮಾಡುತ್ತಿದ್ದವರು ಅಕ್ಕನ ಗಂಡ. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಫೋನಿನ ಆ ಕಡೆಯ ಮಾತು ಆಡುತ್ತಿದ್ದವನು ಈ ತಮ್ಮ.

ಸ್ಟುಡಿಯೋದಲ್ಲಿ ಇವನನ್ನು ಎಲ್ಲರೂ ಕರೆಯುವುದು ಪಿಸುಮಾವ ಎಂದು. ಆ ಹೆಸರಿಟ್ಟವಳು ಪುಟ್ಟಿ, ಅದೂ ಎಂಟು ವರ್ಷದವಳಿದ್ದಾಗ. ಇವನ ಕೆಲಸ ಮಾತು ಹೇಳಿಕೊಡುವುದು. ನಟರು ಮರೆತ ಮಾತನ್ನು ಕ್ಯಾಮೆರಾದ ಕಣ್ಣಿಗೆ ಬೀಳದ ಜಾಗದಲ್ಲಿ ಕೂತು ಪಿಸುಗುಟ್ಟುವುದು. ಧ್ವನಿಯನ್ನು ಆಮೇಲೆ ಬೇರೆಯಾಗಿ ಸೇರಿಸುತ್ತಿದ್ದುದರಿಂದ ಇವನ ಪಿಸುಮಾತು ಯಾರಿಗೂ ಕೇಳಿಸದೆ ಅಳಿಸಿಹೋಗುತ್ತಿತ್ತು. ಅದಕ್ಕೆ ಇವನಿಗೆ ಬೇಸರವೂ ಇರಲಿಲ್ಲ. ನಾಟಕದ ಕಾಲದಿಂದಲೂ ಪರದೆಯ ಹಿಂದೆಯೇ ಬೆಳೆದ ಜೀವ.

ಭಾವನಿಗೆ ಒಂದು ಸಾಲು ಮಾತು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮುಖವೇನೋ ಸಾವಿರಕ್ಕೊಂದು. ಸುಮ್ಮನೆ ಚಪ್ಪಲಿ ಹುಡುಕುತ್ತಾ ನಿಂತರೂ ನೋಡುತ್ತಲೇ ಇರಬೇಕು ಅನ್ನಿಸುವ ಮುಖ. ಆದರೆ ಬೆಳಗ್ಗೆ ಗಿಣಿಪಾಠ ಒಪ್ಪಿಸಿದ್ದನ್ನು ಸೆಟ್ಟಿನ ದೀಪ ಹತ್ತುವಷ್ಟರಲ್ಲಿ ಗಾಳಿಗೆ ತೂರಿರುತ್ತಿದ್ದರು. ಹೀಗಾಗಿ ಮೂರನೇ ಮಹಡಿಯ ಹಜಾರದ ಹಸಿರು ಸೋಫಾದ ಹಿಂದೆ ಪಿಸುಮಾವನಿಗೊಂದು ಗಿಡ್ಡ ಸ್ಟೂಲು ಕಾಯಂ ಆಯಿತು. ಇಬ್ಬರ ನಡುವೆ ಒಂದು ಒಪ್ಪಂದವೂ ಇತ್ತು. ಮಾತು ಮರೆತರೆ ಭಾವ ತಬ್ಬಿಬ್ಬಾಗುವಂತಿಲ್ಲ. ಕತ್ತು ಕೆರೆದುಕೊಂಡು, “ಇರಲಿ ಬಿಡು, ಆಮೇಲೆ ಹೇಳ್ತೀನಿ” ಅನ್ನಬೇಕು. ಅಷ್ಟರಲ್ಲಿ ಸೋಫಾದ ಹಿಂದಿನಿಂದ ಮುಂದಿನ ಸಾಲು ಬರುತ್ತಿತ್ತು. “ಅಲ್ಲ, ಈಗ್ಲೇ ಹೇಳ್ಬಿಡ್ತೀನಿ” ಎಂದು ಭಾವ ಮುಂದುವರಿಯುತ್ತಿದ್ದರು.

ಅದು ಮರೆವಿನ ಗುರುತು ಎಂದು ನೋಡುವವರಿಗೇನು ಗೊತ್ತು? ಎಂಥ ಸಾವಧಾನದ ಅಪ್ಪ, ಎಷ್ಟು ಯೋಚಿಸಿ ಮಾತಾಡುತ್ತಾರೆ ಎಂದು ಜನ ತಲೆದೂಗಿದರು. ಆರು ತಿಂಗಳಲ್ಲಿ ಆ ಮಾತು ಬೀದಿಗೆ ಬಂತು. ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳಿದವರಿಗೆ “ಇರಲಿ ಬಿಡು, ಆಮೇಲೆ ಹೇಳ್ತೀನಿ” ಅಂದ. ಶಾಲೆಯಲ್ಲಿ ಪ್ರಶ್ನೆ ಕೇಳಿದ ಮೇಷ್ಟರಿಗೆ ಮಕ್ಕಳು ಅದನ್ನೇ ಹೇಳಿ ಏಟು ತಿಂದವು. ಭಾವ ಮನೆಗೆ ಬಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. “ನೋಡಯ್ಯಾ, ನನ್ನ ದಡ್ಡತನಕ್ಕೂ ಒಂದು ಕಾಲ ಬಂತು!”

ಅಂಥ ಕಾಲವೇ ಅದು. ಏಳೂವರೆಗೆ ಬೀದಿ ಬಿಕೋ ಅನ್ನುತ್ತಿತ್ತು. ನಡೆದು ಹೋದರೆ ಒಂದು ಕಿಟಕಿಯಿಂದ ಕೇಳಿದ ಅರ್ಧ ಮಾತು ಮುಂದಿನ ಕಿಟಕಿಯಲ್ಲಿ ಪೂರ್ತಿಯಾಗುತ್ತಿತ್ತು. ಕಥೆ ಬರೆಯುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟರು. ನೀಲಿ ಶಾಯಿಯಲ್ಲಿ, ಒಂದು ಕಾಟು ಗೀಟಿಲ್ಲದೆ ಬರೆದು ತರುತ್ತಿದ್ದರು. ಅವರ ಕಥೆಯಲ್ಲಿ ಯಾರೂ ಯಾರಿಗೂ ವಿಷ ಹಾಕುತ್ತಿರಲಿಲ್ಲ. ಒಂದು ಇಡೀ ಸಂಚಿಕೆ ಅಪ್ಪ ಮುರಿದ ಕೊಡೆಯೊಂದನ್ನು ರಿಪೇರಿ ಮಾಡುವುದರಲ್ಲೇ ಕಳೆದಿತ್ತು. ಹೆಂಡತಿ ಹೊಸದು ತನ್ನಿ ಅನ್ನುತ್ತಾಳೆ, ಇವರು ಬಿಡುವುದಿಲ್ಲ. ಒಂದು ಕಡ್ಡಿ ಕೂರಿಸಿದರೆ ಇನ್ನೊಂದು ಏಳುತ್ತದೆ. ಕೊನೆಗೆ ಕೊಡೆ ಸರಿಹೋಗಲೇ ಇಲ್ಲ. “ಇರಲಿ ಬಿಡು, ನಾಳೆ ಆಗುತ್ತೆ” ಎಂದು ಬಾಗಿಲ ಹಿಂದೆ ಒರಗಿಸಿ ಮಲಗಲು ಹೋದರು. ಅಷ್ಟೇ ಸಂಚಿಕೆ. ವಾರ ಕಳೆಯುವಷ್ಟರಲ್ಲಿ ಸ್ಟುಡಿಯೋಗೆ ಮೂಟೆಗಟ್ಟಲೆ ಕಾಗದ ಬಂದಿದ್ದವು. ಕೊಡೆ ರಿಪೇರಿ ಹೇಗೆ ಎಂದು ಚಿತ್ರ ಸಮೇತ ಬರೆದವರೇ ನೂರಾರು ಜನ. ಆ ಕೊಡೆಯನ್ನು ಭಾವ ಕೇಳಿ ಮನೆಗೇ ತಂದುಕೊಂಡರು.

ಒಂದು ಭಾನುವಾರ ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದ ಭಾವ ಮತ್ತೆ ಏಳಲಿಲ್ಲ.

ಧಾರಾವಾಹಿಯಲ್ಲೂ ಅಪ್ಪನನ್ನು ಸಾಯಿಸಬೇಕಿತ್ತು. ಮೇಷ್ಟರು ಪೆನ್ನು ಹಿಡಿದು ಎರಡು ದಿನ ಕೂತು, ಕೊನೆಗೆ ಮಗುವಿನಂತೆ ಅತ್ತರು. “ನನ್ನ ಕೈಲಿ ಆಗಲ್ಲಪ್ಪ. ದೂರದಲ್ಲಿ ಅಣೆಕಟ್ಟಿನ ಕೆಲಸ ಸಿಕ್ಕಿದೆ, ಹೋಗಿದ್ದಾರೆ ಅಂತ ಇಟ್ಕೊಳ್ಳೋಣ. ಆಗಾಗ ಫೋನ್ ಮಾಡ್ತಾರೆ.” ನೋಡುವವರಿಗೆ ಸುದ್ದಿ ಗೊತ್ತಿತ್ತು. ಗೊತ್ತಿದ್ದೂ ಯಾರೊಬ್ಬರೂ ತಕರಾರು ತೆಗೆಯಲಿಲ್ಲ. ಮೊದಲ ಫೋನಿನ ದೃಶ್ಯದ ದಿನ ಪುಟ್ಟಿ ರಿಸೀವರ್ ಹಿಡಿದು ಬೆಪ್ಪಾಗಿ ನಿಂತಿದ್ದಳು. ಆ ಕಡೆ ಏನೂ ಕೇಳಿಸದಿದ್ದರೆ ಉತ್ತರ ಹೇಳುವುದು ಹೇಗೆ? ಪಿಸುಮಾವ ಸೋಫಾದ ಹಿಂದೆ ತನ್ನ ಸ್ಟೂಲಿನ ಮೇಲೆ ಕೂತು, “ಮಗಳೇ, ಊಟ ಆಯ್ತಾ?” ಅಂದ. ಭಾವನ ಧಾಟಿ ತಾನಾಗಿ ಬಂದುಬಿಟ್ಟಿತು. ಪುಟ್ಟಿಯ ಕಣ್ಣು ತುಂಬಿ ಬಂತು, ಮಾತೂ ಬಂತು. ನಾಟಕದ ದಿನಗಳಿಂದ ಹಿಡಿದು ಮೂವತ್ತು ವರ್ಷ ಇವನು ಪಿಸುಗುಟ್ಟಿದ್ದನ್ನು ಭಾವ ಆಡಿದ್ದರು. ಈಗ ಭಾವ ಆಡಬೇಕಾದ್ದನ್ನು ಇವನು ಪಿಸುಗುಟ್ಟಿದ.

ಮೇಷ್ಟರು ಎರಡು ವರ್ಷಕ್ಕೆ ಬರೆಯುವುದು ಬಿಟ್ಟರು. ಆಮೇಲೆ ಬಂದವರು ಕಥೆಯನ್ನು ಎಳೆದರು, ತಿರುಚಿದರು, ಹಳ್ಳ ಹಿಡಿಸಿದರು. ಅಮ್ಮನಿಗೆ ಎರಡು ಸಲ ನೆನಪು ಹೋಯಿತು. ಮೂರನೇ ಮಹಡಿಗೆ ನಾಲ್ಕು ಸಲ ಬೆಂಕಿ ಬಿತ್ತು, ಎರಡನೇ ಮಹಡಿಗೆ ಮಾತ್ರ ಒಂದು ಸಲವೂ ಬಿಸಿ ತಟ್ಟಲಿಲ್ಲ. ಹೊಸ ಬರಹಗಾರರು ಅಪ್ಪನ ಮಾತನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಪುಟ್ಟಿಯ ಮಾತುಗಳ ನಡುವೆ ಚುಕ್ಕೆ ಚುಕ್ಕೆ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಆ ಚುಕ್ಕೆಗಳ ಜಾಗಕ್ಕೆ ಪಿಸುಮಾವನೇ ಮಾತು ಕೂರಿಸುತ್ತಿದ್ದ. ಅಲ್ಲಿ ಗಾಳಿ ಜೋರು, ಕಾಲುಚೀಲ ತೂತಾಗಿದೆ, ಪಕ್ಕದ ಕೋಣೆಯವನ ಗೊರಕೆ ತಡೆಯೋಕಾಗಲ್ಲ ಎಂದೆಲ್ಲ. ಶುಕ್ರವಾರ ಅದನ್ನೇ ಅಕ್ಕನಿಗೆ ಒಪ್ಪಿಸುತ್ತಿದ್ದ.

“ಹನ್ನೊಂದು ವರ್ಷ ಆದ್ರೂ ಮುಗೀಲಿಲ್ವಾ ಆ ಅಣೆಕಟ್ಟು? ಅಷ್ಟ್ರಲ್ಲಿ ಸಮುದ್ರಕ್ಕೇ ಕಟ್ಟೆ ಕಟ್ಬಹುದಿತ್ತು,” ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಆದರೆ ಗೊರಕೆಯವನ ವಿಷಯ ಮುಂದಿನ ವಾರ ಮರೆಯದೆ ವಿಚಾರಿಸುತ್ತಿದ್ದಳು. ಒಂದು ಮಾತನ್ನು ಮಾತ್ರ ಪಿಸುಮಾವ ಫೋನಿನಲ್ಲಿ ಎಂದೂ ಬಳಸಿರಲಿಲ್ಲ. “ಇರಲಿ ಬಿಡು, ಆಮೇಲೆ ಹೇಳ್ತೀನಿ” ಅನ್ನುವುದು ಭಾವನ ಸ್ವಂತದ್ದು. ಅದನ್ನು ಮುಟ್ಟಲು ಇವನಿಗೆ ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಹೊಸ ಡೈರೆಕ್ಟರ್ ಬಂದಳು. ಮೂವತ್ತರ ಆಸುಪಾಸಿನ ಚುರುಕು ಹುಡುಗಿ. ಒಂದು ಮಧ್ಯಾಹ್ನ ಪಿಸುಮಾವನನ್ನು ಮೇಕಪ್ ಕೋಣೆಗೆ ಕರೆದಳು.

“ಮಾವ, ಖುಷಿ ಸುದ್ದಿ. ಅಪ್ಪ ವಾಪಸ್ ಬರ್ತಾರೆ!”

“ಯಾವ ಅಪ್ಪ?”

“ನಮ್ಮ ಅಪ್ಪ, ಮೂರನೇ ಮಹಡಿ ಅಪ್ಪ. ಅಣೆಕಟ್ಟಿನಲ್ಲಿ ಅಪಘಾತ, ಮುಖಕ್ಕೆಲ್ಲ ಆಪರೇಷನ್. ಬ್ಯಾಂಡೇಜ್ ಬಿಚ್ಚಿದ್ರೆ ಹೊಸ ಮುಖ. ನೋಡೋರೇ ಇಲ್ಲ ಮಾವ ಈಗ. ಏನಾದ್ರೂ ಮಾಡ್ದಿದ್ರೆ ನಮ್ಮ ಏಳೂವರೆ ಸಮಯ ಬೇರೆ ಧಾರಾವಾಹಿಗೆ ಹೋಗುತ್ತೆ. ನಟರು ಸಿಕ್ಕಿದ್ದಾರೆ. ಒಂದ್ಸಲ ಓದಿದ್ರೆ ಸಾಕು, ಅವ್ರಿಗೆ ಅಕ್ಷರ ತಪ್ಪಲ್ಲ. ‘ಇರಲಿ ಬಿಡು, ಆಮೇಲೆ ಹೇಳ್ತೀನಿ’ ಅನ್ನೋದನ್ನ ಎಷ್ಟು ಚೆನ್ನಾಗಿ ಅಂತಾರೆ ಗೊತ್ತಾ?”

ಪಕ್ಕದ ಕೋಣೆಯ ಕನ್ನಡಿಯ ಮುಂದೆ ಆ ನಟ ನಿಂತಿದ್ದ. ಎತ್ತರದ ಆಳು, ಗಡಸು ಗಂಟಲು. ಕತ್ತು ಕೆರೆದುಕೊಂಡು “ಇರಲಿ ಬಿಡು” ಅಂದ. ಇನ್ನೊಂದು ಥರ ಅಂದ. ಯಾವುದನ್ನೂ ಮರೆಯದ ಮನುಷ್ಯ, ಮರೆತವನ ಮಾತನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದ. ಪಾಪ, ಅವನದೇನೂ ತಪ್ಪಿಲ್ಲ. ಆದರೂ ಪಿಸುಮಾವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೂರು ದಿನ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಭಾವನ ಕುರ್ಚಿಯಲ್ಲಿ ಇನ್ನೊಬ್ಬ ಕೂತು, ಭಾವನ ಮಾತು ಆಡಿ, ಪುಟ್ಟಿ ಅವನನ್ನು ಅಪ್ಪಾ ಅನ್ನುವುದನ್ನು ಅಕ್ಕ ನೋಡಬೇಕು. ಅವನು ಆಡುವಾಗಲೂ ಸೋಫಾದ ಹಿಂದೆ ತಾನೇ ಕೂತಿರಬೇಕು. ಇದನ್ನು ಹೇಗೆ ತಡೆಯುವುದು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ದಾರಿ ಒಂದೇ ಒಂದಿತ್ತು. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಸಾಲಲಿಲ್ಲ.

“ಏನೋ ಅದು, ಇಂಗು ತಿಂದ ಮಂಗನ ಹಾಗೆ ಕೂತಿದ್ದೀಯ? ಬಾಯಿ ಬಿಡು,” ಅಂದಳು ಅಕ್ಕ ನಾಲ್ಕನೇ ದಿನ.

ಎಲ್ಲ ಹೇಳಿದ. ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿದಳು.

“ನೋಡದೇ ಇದ್ದುಬಿಡು ಅಕ್ಕ.”

“ನೋಡದೇ ಇದ್ರೆ ಶುಕ್ರವಾರ ನಾನೇನು ಮಾಡ್ಲಿ?”

“ಇನ್ನೊಂದು ದಾರಿ ಇದೆ. ಆದ್ರೆ...” ಎಂದು ನಿಲ್ಲಿಸಿದ.

“ಸಾಯಿಸ್ಬೇಕು ಅಂತ ತಾನೇ?” ಅಂದಳು ಅಕ್ಕ.

ಪಿಸುಮಾವ ತಲೆ ತಗ್ಗಿಸಿದ. ಅಕ್ಕ ಬಹಳ ಹೊತ್ತು ಟಿವಿಯ ಕಡೆ ನೋಡಿದಳು. ಟಿವಿ ಹಾಕಿರಲಿಲ್ಲ.

“ಹನ್ನೊಂದು ವರ್ಷದಿಂದ ಫೋನ್ ಹಿಡ್ಕೊಂಡು ನಿಂತಿದ್ದಾರೆ ಪಾಪ. ಕಾಲು ನೋವು ಬಂದಿರುತ್ತೆ. ಕೂತ್ಕೊಳ್ಳಲಿ ಬಿಡು.” ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಲ್ಲಿಂದಲೇ ಕೂಗಿ ಹೇಳಿದಳು. “ಆದ್ರೆ ಆಸ್ಪತ್ರೆ, ಡಾಕ್ಟ್ರು, ಬಾಯಿ ಬಡ್ಕೊಳ್ಳೋದು, ಅದೆಲ್ಲ ಬೇಡ ಕಣೋ. ಒಂದ್ಸಲ ಫೋನ್ ಮಾಡ್ಲಿ. ಚೆನ್ನಾಗಿ ಮಾತಾಡ್ಲಿ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ.”

ಪಿಸುಮಾವ ತನ್ನ ಜನ್ಮದಲ್ಲಿ ಯಾವ ಡೈರೆಕ್ಟರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಮಾರನೇ ದಿನ ಹೊಸ ಡೈರೆಕ್ಟರ್ ಮುಂದೆ ಹೋಗಿ ನಿಂತ.

“ನೀವು ಆ ಕೊಡೆ ಸಂಚಿಕೆ ನೋಡಿದ್ದೀರಾಮ್ಮ?”

“ಅಯ್ಯೋ, ಹೋಂವರ್ಕ್ ಬಿಟ್ಟು ನೋಡಿ ಅಮ್ಮನ ಹತ್ರ ಬೈಸಿಕೊಂಡಿದ್ದೆ!”

“ಅದ್ರಲ್ಲಿ ಏನಾಯ್ತು ಹೇಳಿ?”

“ಏನೂ ಆಗ್ಲಿಲ್ಲ,” ಎಂದು ಅವಳು ನಕ್ಕಳು.

“ಹಾಗೆ ಏನೂ ಆಗದೇ ಇರೋ ಒಂದೇ ಒಂದು ಫೋನ್ ಮಾಡಿಸಿ. ಆಮೇಲೆ ಅಪ್ಪ ಹೋದ್ರು ಅನ್ನಿ. ಹೊಸ ಮುಖ ಬೇಡ. ನಮ್ಮಕ್ಕ ನೋಡ್ತಾಳೆ.”

ಅಷ್ಟರಲ್ಲಿ ಪುಟ್ಟಿಯೂ ಬಂದು ಪಕ್ಕದಲ್ಲಿ ನಿಂತಳು. ಈಗ ಅವಳಿಗೇ ಮೂರು ವರ್ಷದ ಮಗಳಿದ್ದಾಳೆ, ಆದರೂ ಸೆಟ್ಟಿನಲ್ಲಿ ಅವಳು ಪುಟ್ಟಿಯೇ. “ಬೇರೆಯವ್ರನ್ನ ಅಪ್ಪ ಅನ್ನೋಕೆ ನನ್ನ ಕೈಲೂ ಆಗಲ್ಲ,” ಅಂದಳು. ಡೈರೆಕ್ಟರ್ ಇಬ್ಬರನ್ನೂ ನೋಡಿ, ಪೆನ್ನಿನ ತುದಿ ಕಚ್ಚಿ, ಕೊನೆಗೆ ಹೂಂ ಅಂದಳು. ಎತ್ತರದ ನಟನಿಗೆ ಅಪ್ಪನ ಕಾಣೆಯಾದ ಅಣ್ಣನ ಪಾತ್ರ ಗಟ್ಟಿಯಾಯಿತು. ಮೂರನೇ ಮಹಡಿಯಲ್ಲಿ ಇನ್ನೂ ಕಾಣೆಯಾಗದೆ ಉಳಿದವರೇ ಕಡಿಮೆ ಎಂದು ಲೈಟಿನವರು ನಕ್ಕರು.

ಆ ಕೊನೆಯ ಫೋನಿಗಾಗಿ ಪಿಸುಮಾವ ಮೊದಲ ಬಾರಿಗೆ ಅಪ್ಪನ ಮಾತುಗಳನ್ನು ಕಾಗದದಲ್ಲಿ ಬರೆದ. ಎಂಟು ಸಾಲು. ನೀಲಿ ಶಾಯಿಯೇ ಬೇಕೆಂದು ಅಂಗಡಿ ಅಂಗಡಿ ಅಲೆದು ತಂದ. ಪುಟ್ಟಿಯ ಮಾತುಗಳನ್ನು ಅವಳಿಗೇ ಬಿಟ್ಟ.

ದೀಪ ಹತ್ತಿತು. ಹಸಿರು ಸೋಫಾಕ್ಕೆ ಇಷ್ಟರಲ್ಲಿ ಮೂರು ಸಲ ಹೊಸ ಬಟ್ಟೆ ಹೊದಿಸಿದ್ದರು, ಅದರ ಹಿಂದಿನ ಸ್ಟೂಲು ಮಾತ್ರ ಹಳೆಯದೇ. ಪಿಸುಮಾವ ಕನ್ನಡಕ ಏರಿಸಿಕೊಂಡು ಕೂತ. ಫೋನು ಹೊಡೆದುಕೊಂಡಿತು. ಪುಟ್ಟಿ ಎತ್ತಿದಳು.

“ಅಪ್ಪಾ!”

“ಮಗಳೇ, ಊಟ ಆಯ್ತಾ?”

“ಆಯ್ತಪ್ಪ. ನಿಮ್ದು?”

ಮುಂದಿನ ಸಾಲು ಕಣ್ಣೆದುರಿಗೇ ಇತ್ತು. ತಾನೇ ಬರೆದದ್ದು, ಬಾಯಿಪಾಠವಾಗಿದ್ದು. ಆದರೆ ಮಾತು ಹೊರಡಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ನಾಲ್ಕು ದಶಕದಲ್ಲಿ ಸಾವಿರಾರು ಜನಕ್ಕೆ ಮಾತು ಕೊಟ್ಟವನಿಗೆ ಈಗ ಮಾತು ಕೊಡಲು ಹಿಂದೆ ಯಾರೂ ಕೂತಿರಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಪುಟ್ಟಿ ರಿಸೀವರನ್ನು ಕಿವಿಗೊತ್ತಿ ಕಾಯುತ್ತಿದ್ದಳು. ಕೈ ತಾನಾಗಿ ಕತ್ತಿಗೆ ಹೋಯಿತು.

“ಇರಲಿ ಬಿಡು ಮಗಳೇ, ಆಮೇಲೆ ಹೇಳ್ತೀನಿ.”

ಆ ಮಾತು ಹನ್ನೊಂದು ವರ್ಷದ ಮೇಲೆ ಪುಟ್ಟಿಯ ಕಿವಿಗೆ ಬಿದ್ದಿತ್ತು. ಅದರ ಅರ್ಥ ಎಂಟನೇ ವಯಸ್ಸಿನಿಂದ ಅವಳಿಗೆ ಗೊತ್ತು. ಅಪ್ಪನಿಗೆ ಮರೆತುಹೋಗಿದೆ, ಈಗ ಸೋಫಾದ ಕಡೆ ನೋಡಬಾರದು, ನಗಬಾರದು. ಅವಳು ಸೋಫಾದ ಕಡೆ ನೋಡಲಿಲ್ಲ. ನಗದೇ ಇರಲು ಮಾತ್ರ ಆಗಲಿಲ್ಲ. ನಗುತ್ತಾ ನಗುತ್ತಾ ಕಣ್ಣೀರು ಕೆನ್ನೆಗಿಳಿಯಿತು.

“ಆಗ್ಲಿ ಅಪ್ಪ,” ಅಂದಳು. “ನಿಧಾನಕ್ಕೆ ಹೇಳಿ. ನಾನೆಲ್ಲೂ ಹೋಗಲ್ಲ.”

ಮೆಲ್ಲಗೆ ಫೋನಿಟ್ಟಳು. ಡೈರೆಕ್ಟರ್ ಕಟ್ ಅನ್ನುವುದನ್ನೇ ಮರೆತಿದ್ದಳು. ಆಮೇಲೆ ಇನ್ನೊಂದು ಸಲ ತೆಗೆಯೋಣ ಎಂದು ಯಾರೂ ಕೇಳಲಿಲ್ಲ. ಪಿಸುಮಾವ ಎಂಟು ಸಾಲಿನ ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಆ ದೃಶ್ಯ ಟಿವಿಯಲ್ಲಿ ಬರಲು ಹದಿನೈದು ದಿನ ಬೇಕಾಯಿತು. ಅಷ್ಟು ದಿನವೂ ಆ ಕಾಗದವನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇದ್ದ.

ಆ ಶುಕ್ರವಾರ ಅಕ್ಕ ಏಳು ಗಂಟೆಗೇ ಬಂದು ಕೂತಳು. ಒಂದು ಬೈಗುಳವೂ ಇಲ್ಲ. ಫೋನು ಹೊಡೆದುಕೊಂಡಿತು, ಪುಟ್ಟಿ ಎತ್ತಿದಳು. ಊಟ ಆಯ್ತಪ್ಪ, ನಿಮ್ದು? ಆಮೇಲೆ ಉದ್ದನೆಯ ಮೌನ. ಪುಟ್ಟಿ ನಕ್ಕಳು, ಅತ್ತಳು. ಆಗ್ಲಿ ಅಪ್ಪ, ನಿಧಾನಕ್ಕೆ ಹೇಳಿ. ಅಕ್ಕ ಟಿವಿಯ ಸದ್ದನ್ನು ಪೂರ್ತಿ ಅಡಗಿಸಿದಳು.

“ಏನಂದ್ರು?”

“ಇರಲಿ ಬಿಡು, ಆಮೇಲೆ ಹೇಳ್ತೀನಿ ಅಂದ್ರು.”

ಅಕ್ಕ ತಮ್ಮನ ಮುಖ ನೋಡಿದಳು. “ಮರೆತ್ರಾ?”

“ಹೂಂ. ಮರೆತ್ರು.”

“ನೀನು ಅಲ್ಲೇ ಇದ್ಯಲ್ಲೋ. ಹೇಳ್ಕೊಡಬಾರದಿತ್ತಾ?”

“ನಂಗೂ ಮಾತು ಬರಲಿಲ್ಲ ಅಕ್ಕ.”

“ಬರ್ಕೊಂಡಿದ್ದೆ ತಾನೇ? ಎಲ್ಲಿ ಅದು? ಈಗ ಹೇಳು.”

ಪಿಸುಮಾವ ಜೇಬಿನಿಂದ ಕಾಗದ ತೆಗೆದ. ಮಡಿಕೆಯಲ್ಲಿ ಶಾಯಿ ಕದಡಿತ್ತು. ಅಭ್ಯಾಸಬಲದಿಂದ ಪಿಸುದನಿಯಲ್ಲೇ ಓದಿದ. ಇಲ್ಲಿ ಗಾಳಿ ನಿಂತಿದೆ ಮಗಳೇ. ಗೊರಕೆಯವನು ಊರಿಗೆ ಹೋದ, ಈಗ ನಿದ್ದೆ ಚೆನ್ನಾಗಿ ಬರುತ್ತೆ. ಕೆಲಸ ಎಲ್ಲ ಮುಗೀತು. ಹೀಗೆಯೇ ಒಂದೊಂದು ಸಾಲು ಓದಿ ಕೊನೆಯದಕ್ಕೆ ಬಂದ.

“ಆ ಕೊಡೆ ಸರಿಹೋಯ್ತು ಅಂತ ಅಮ್ಮಂಗೆ ಹೇಳು. ಮಳೆ ಬಂದ್ರೆ ನೆನೀಬೇಡ ಅನ್ನು.”

“ಸುಳ್ಳು!” ಅಂದಳು ಅಕ್ಕ ಥಟ್ಟನೆ. “ಅಲ್ಲೇ ಬಾಗಿಲ ಹಿಂದೆ ಇದೆ ನೋಡು, ಇನ್ನೂ ಮುರಿದೇ ಇದೆ. ಅವರ ಕೈಲಿ ಒಂದು ಕೊಡೆ ರಿಪೇರಿ ಆಗ್ಲಿಲ್ಲ ಕಣೋ...” ಮಾತು ಅಲ್ಲಿಗೆ ನಿಂತಿತು. ಸೆರಗಿನಿಂದ ಮುಖ ಮುಚ್ಚಿಕೊಂಡು, ಹನ್ನೊಂದು ವರ್ಷದಲ್ಲಿ ತಮ್ಮನ ಎದುರು ಒಮ್ಮೆಯೂ ಅಳದವಳು ಜೋರಾಗಿ ಅತ್ತಳು. ಟಿವಿಯಲ್ಲಿ ಎತ್ತರದ ನಟ ಸೂಟ್‌ಕೇಸ್ ಹಿಡಿದು ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಪಿಸುಮಾವ ಎದ್ದು ಆರಿಸಿ ಬಂದು ಕೂತ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮೂಗು ಒರೆಸಿಕೊಂಡಳು.

“ಇನ್ನೊಂದ್ಸಲ ಹೇಳು,” ಅಂದಳು. “ಈ ಸಲ ಪಿಸುಗುಟ್ಟಬೇಡ. ಜೋರಾಗಿ ಹೇಳು.”